ಸೈಲೆನ್ಸರ್ ಒಳಗಿನ ರೋಡಿಯಂ: ಹೊಗೆ ತಪಾಸಣೆಯ ಪಿಯುಸಿಗೂ ಲೆಕ್ಕಕ್ಕಿಲ್ಲ, ಗುಜರಿಗೂ ಲೆಕ್ಕಕ್ಕಿಲ್ಲ

ಪುಣೆ, ಠಾಣೆ, ನವಿ ಮುಂಬೈ ಕಡೆ ಮಾರುತಿ ಇಕೋ ವ್ಯಾನ್ ಇಟ್ಕೊಂಡಿರೋರನ್ನ ಮಾತಾಡ್ಸಿ ನೋಡಿ, ಸೈಲೆನ್ಸರ್ ಕಳುವಾದ ಸುದ್ದಿ ಒಂದಲ್ಲ ಒಂದು ಕೇಳೇ ಇರ್ತಾರೆ. 2021ರಿಂದ ಈಚೆಗೆ ಮಹಾರಾಷ್ಟ್ರ, ಗುಜರಾತ್ ಎರಡೂ ಕಡೆ ಪೇಪರಲ್ಲಿ ಪದೇ ಪದೇ ಬಂದಿದೆ ಇದು. ರಾತ್ರಿ ಸೊಸೈಟಿ ಹೊರಗೆ ನಿಲ್ಸಿದ ಗಾಡಿ, ಬೆಳಿಗ್ಗೆ ಶಾಲೆ ಮಕ್ಕಳನ್ನ ಬಿಡೋಕೆ ಅಂತ ಸ್ಟಾರ್ಟ್ ಮಾಡಿದ್ರೆ ಇಡೀ ಗಲ್ಲಿಗೆ ಕೇಳೋ ಸದ್ದು, ಬಗ್ಗಿ ನೋಡಿದ್ರೆ ಪೈಪೇ ಇಲ್ಲ. ಬ್ಯಾಟರಿ ಹಾಗೇ ಇರ್ತದೆ, ಸ್ಟೆಪ್ನಿ ಹಾಗೇ ಇರ್ತದೆ, ಯಾವುದನ್ನೂ ಮುಟ್ಟಿರಲ್ಲ.

ಕಳ್ಳರಿಗೆ ಬೇಕಾಗಿರೋದು ಪೈಪಿನ ಕಬ್ಬಿಣ ಅಲ್ಲ, ಪೈಪಿನ ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರ್ತದೆ, ಅದರೊಳಗಿನ ಸೆರಾಮಿಕ್ ಜೇನುಗೂಡು. ಅದನ್ನ ಒಡೆದು ಪುಡಿ ಮಾಡ್ತಾರೆ, ಈ ಧಂದೆಯವರು ಆ ಪುಡಿಯನ್ನ ಮಿಟ್ಟಿ ಅಂತಾನೇ ಕರೀತಾರೆ, ಕಿಲೋ ಲೆಕ್ಕದಲ್ಲಿ ಕೈ ಬದಲಾಯಿಸ್ತದೆ. ಆ ಮಿಟ್ಟಿಯಲ್ಲಿ ಪ್ಲಾಟಿನಂ ಇರ್ತದೆ, ಪಲ್ಲಾಡಿಯಂ ಇರ್ತದೆ, ಇನ್ನೊಂದು ರೋಡಿಯಂ. ಮೊದಲನೇದು ಒಡವೆ ಅಂಗಡಿಯಿಂದ ಎಲ್ಲರಿಗೂ ಗೊತ್ತು, ಎರಡನೇದರ ಹೆಸರೂ ಕಿವಿಗೆ ಬಿದ್ದಿರ್ತದೆ, ಮೂರನೇದರ ಬಗ್ಗೆ ಕನ್ನಡದಲ್ಲಿ ಓದೋಕೆ ಏನೂ ಸಿಗಲ್ಲ ಅನ್ನೋ ಬೇಜಾರಿಗೆ ಇದನ್ನ ಬರೀತಿದೀನಿ. ಯಾಕಂದ್ರೆ ಮೂರರಲ್ಲಿ ಅತಿ ಕಮ್ಮಿ ಪ್ರಮಾಣದಲ್ಲಿ ಇರೋದೂ ಅದೇ, ಬೇರೆ ಯಾವ ಲೋಹಕ್ಕೂ ಅಷ್ಟು ಚೆನ್ನಾಗಿ ಆಗದ ಕೆಲಸ ಮಾಡೋದೂ ಅದೇ, ನಮ್ಮ ಸರ್ಕಾರಿ ಲೆಕ್ಕದಲ್ಲಿ ಎಲ್ಲೂ ಕಾಣದೇ ಇರೋದೂ ಅದೇ.

ಮೊದಲು ಲೋಹದ ಪರಿಚಯ ಮಾಡ್ಕೊಳೋಣ. ರೋಡಿಯಂನ ಪರಮಾಣು ಸಂಖ್ಯೆ 45, ಆವರ್ತಕ ಕೋಷ್ಟಕದ 9ನೇ ಗುಂಪಿನ ಸಂಕ್ರಮಣ ಲೋಹ, ಮೇಲ್ಗಡೆ ಮನೆಯಲ್ಲಿ ಕೋಬಾಲ್ಟ್, ಕೆಳಗಡೆ ಇರಿಡಿಯಂ, ಎಡಕ್ಕೆ ರುಥೇನಿಯಂ, ಬಲಕ್ಕೆ ಪಲ್ಲಾಡಿಯಂ. ಈ ಅಕ್ಕಪಕ್ಕದವರನ್ನ ನೆನಪಿಟ್ಕೊಳ್ಳಿ, ಮುಂದೆ ರುಥೇನಿಯಂ ಮತ್ತೆ ಬರ್ತದೆ. ನೋಡೋಕೆ ಬೆಳ್ಳಿ ಬಿಳುಪು, ಒಂದು ಘನ ಸೆಂಟಿಮೀಟರಿಗೆ 12.4 ಗ್ರಾಂ ತೂಕ, ಅಂದ್ರೆ ಬೆಳ್ಳಿಗಿಂತ ಭಾರ, ಚಿನ್ನಕ್ಕಿಂತ ಸಾಕಷ್ಟು ಹಗುರ. ಚಿನ್ನ 1064 ಡಿಗ್ರಿಗೆ ಕರಗ್ತದೆ, ಕಬ್ಬಿಣ 1538ಕ್ಕೆ, ಪ್ಲಾಟಿನಂ 1768ಕ್ಕೆ, ರೋಡಿಯಂ ಕರಗೋಕೆ 1964 ಡಿಗ್ರಿ ಸೆಲ್ಸಿಯಸ್ ಬೇಕು. ಪ್ರಕೃತಿಯಲ್ಲಿ ಸಿಗೋ ರೋಡಿಯಂ ಎಲ್ಲಾ ಒಂದೇ ಐಸೋಟೋಪ್, ರೋಡಿಯಂ 103. ಗಟ್ಟಿ ಲೋಹ, ಗಾಳಿಗೆ ಮಂಕಾಗಲ್ಲ, ಬೆಳಕನ್ನ ಚೆನ್ನಾಗಿ ಪ್ರತಿಫಲಿಸ್ತದೆ. ಕೆಂಪಗೆ ಕಾಯಿಸಿದ್ರೆ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಕಟ್ಟತ್ತೆ, ಇನ್ನೂ ಕಾಯಿಸಿ 1100 ಡಿಗ್ರಿ ದಾಟಿಸಿದ್ರೆ ಆ ಆಕ್ಸೈಡ್ ಒಡೆದು ಮತ್ತೆ ಲೋಹವೇ ಉಳಿಯತ್ತೆ.

ಇದರ ನಿಜವಾದ ಹಠ ಕಾಣೋದು ಆಸಿಡ್ ಹತ್ರ. ರಾಜಾಮ್ಲ ಅಂತೀವಲ್ಲ, ನೈಟ್ರಿಕ್ ಆಸಿಡ್ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಮೂರು ಪಾಲು ಸೇರಿಸಿದ್ದು, ಚಿನ್ನ ಪ್ಲಾಟಿನಂ ಎರಡನ್ನೂ ಕರಗಿಸೋ ದ್ರಾವಣ, ಗಟ್ಟಿ ರೋಡಿಯಂ ತುಂಡು ಅದರಲ್ಲಿ ಹಾಕಿದ್ರೂ ಹಾಗೇ ಕೂತಿರ್ತದೆ. ಇದನ್ನ ಕರಗಿಸೋಕೆ ಕುದಿಯೋ ಸಾಂದ್ರ ಸಲ್ಫ್ಯೂರಿಕ್ ಆಸಿಡ್ಡೋ, ಕರಗಿಸಿದ ಪೊಟ್ಯಾಸಿಯಂ ಬೈಸಲ್ಫೇಟೋ, ಅಂಥ ಕಠಿಣ ದಾರಿಗಳೇ ಬೇಕು, ಅದೂ ಲೋಹ ಸಣ್ಣ ಪುಡಿಯಾಗಿದ್ರೆ ಮಾತ್ರ. ಈ ಒಂದು ಗುಣವನ್ನ ಮನಸಲ್ಲಿ ಇಟ್ಕೊಳ್ಳಿ, ಗುಜರಿ ವಿಷಯಕ್ಕೆ ಬಂದಾಗ ಎಲ್ಲಾ ಇದರ ಮೇಲೇನೇ ನಿಂತಿದೆ.

ಕಂಡು ಹಿಡಿದಿದ್ದು ವಿಲಿಯಂ ಹೈಡ್ ವೊಲ್ಲಾಸ್ಟನ್, ಲಂಡನ್ನಲ್ಲಿ, ದಕ್ಷಿಣ ಅಮೆರಿಕದಿಂದ ಬಂದ ಪ್ಲಾಟಿನಂ ಅದಿರಿನಿಂದ, 1804ರಲ್ಲಿ ಪ್ರಕಟಿಸಿದ. ಅದೇ ಅದಿರಿಂದ ಅದಕ್ಕೂ ಸ್ವಲ್ಪ ಮೊದಲು ಪಲ್ಲಾಡಿಯಂ ತೆಗೆದವನೂ ಅವನೇ. ರೋಡಿಯಂ ಲವಣ ಗುಲಾಬಿ ಬಣ್ಣಕ್ಕಿತ್ತು, ಹೆಸರು ಅಲ್ಲಿಂದ. ಆಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಇದು ಪ್ಲಾಟಿನಂಗೆ ಗಟ್ಟಿತನ ಕೊಡೋಕೆ ಬೆರೆಸೋ ಲೋಹವಾಗಿ, ಮೇಲಿನ ಹೊಳಪಿನ ಲೇಪವಾಗಿ ಹೆಚ್ಚು ಸದ್ದಿಲ್ಲದೆ ಉಳೀತು. ಅದರ ನಸೀಬು ಬದಲಾಗಿದ್ದು 1970ರ ದಶಕದಲ್ಲಿ, ಕಾರಿನ ಹೊಗೆ ಮೇಲೆ ಕಾನೂನು ಬಂದಾಗ.

ಈಗ ಹೊಗೆ ವಿಷಯ. ಪೆಟ್ರೋಲ್ ಇಂಜಿನ್ ಹೊಗೆಯಲ್ಲಿ ಮೂರು ತೊಂದರೆ ಇರ್ತವೆ. ಅರ್ಧ ಉರಿದ ಇಂಧನದಿಂದ ಬರೋ ಕಾರ್ಬನ್ ಮೊನಾಕ್ಸೈಡ್, ಉರಿಯದೇ ಉಳಿದ ಹೈಡ್ರೋಕಾರ್ಬನ್, ಆಮೇಲೆ ನೈಟ್ರೋಜನ್ ಆಕ್ಸೈಡುಗಳು, ಎಲ್ಲರೂ ನಾಕ್ಸ್ ಅಂತಾರೆ. ಮೊದಲ ಎರಡನ್ನ ಸರಿ ಮಾಡೋಕೆ ಆಮ್ಲಜನಕ ಸೇರಿಸ್ಬೇಕು, ಅದನ್ನ ಪ್ಲಾಟಿನಂ, ಪಲ್ಲಾಡಿಯಂ ಚೆನ್ನಾಗೇ ಮಾಡ್ತವೆ. ನಾಕ್ಸ್ ಕತೆ ಉಲ್ಟಾ, ಅಲ್ಲಿ ಆಮ್ಲಜನಕವನ್ನ ಕಿತ್ತು ಹಾಕ್ಬೇಕು. ಒಂದೇ ಡಬ್ಬಿಯಲ್ಲಿ, ಒಂದೇ ಹೊಗೆಯಲ್ಲಿ, ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಕೀಳೋದು, ಅದೂ ಗಾಡಿ ಸಿಗ್ನಲ್ಲಲ್ಲಿ ನಿಂತು ಹೊರಡ್ತಾ ಇರುವಾಗ.

ಇಲ್ಲಿ ರೋಡಿಯಂ ಬರ್ತದೆ. ನೈಟ್ರಿಕ್ ಆಕ್ಸೈಡ್ ಅಣು ರೋಡಿಯಂ ಮೇಲ್ಮೈಗೆ ಬಂದು ಅಂಟಿದಾಗ ಅದರ ನೈಟ್ರೋಜನ್ ಮತ್ತು ಆಕ್ಸಿಜನ್ ನಡುವಿನ ಬಂಧ ಸಡಿಲ ಆಗಿ ಮುರಿಯತ್ತೆ. ಎರಡು ನೈಟ್ರೋಜನ್ ಪರಮಾಣು ಜೋಡಿಯಾಗಿ ಮಾಮೂಲಿ ನೈಟ್ರೋಜನ್ ಅನಿಲವಾಗಿ ಹಾರಿ ಹೋಗ್ತವೆ, ಉಳಿದ ಆಕ್ಸಿಜನ್ನನ್ನ ಪಕ್ಕದಲ್ಲೇ ಬಂದ ಕಾರ್ಬನ್ ಮೊನಾಕ್ಸೈಡ್ ತಗೊಂಡು ಕಾರ್ಬನ್ ಡೈಆಕ್ಸೈಡ್ ಆಗ್ತದೆ. ಎರಡು ವಿಷ ಒಂದಕ್ಕೊಂದು ತೀರಿಸ್ಕೊಂಡ ಹಾಗೆ ಆಯ್ತು. ಇದು ನಡೀಬೇಕಾದ್ರೆ ಲೋಹ ಅಣುವನ್ನ ಹಿಡಿಯೋ ಹಿಡಿತ ಒಂದು ಹದದಲ್ಲಿ ಇರ್ಬೇಕು, ಸಡಿಲ ಇದ್ರೆ ಬಂಧ ಮುರಿಯಲ್ಲ, ಬಿಗಿ ಜಾಸ್ತಿ ಆದ್ರೆ ಮುರಿದ ತುಂಡುಗಳು ಅಲ್ಲೇ ಅಂಟ್ಕೊಂಡು ಜಾಗ ಬಿಡಲ್ಲ. ಸಂಕ್ರಮಣ ಲೋಹಗಳ ಹೊರಗಿನ ಡಿ ಎಲೆಕ್ಟ್ರಾನುಗಳು ಈ ಹಿಡಿತವನ್ನ ನಿರ್ಧಾರ ಮಾಡ್ತವೆ. ಪ್ಲಾಟಿನಂ, ಪಲ್ಲಾಡಿಯಂ ಇಬ್ಬರಿಗೂ ನೈಟ್ರಿಕ್ ಆಕ್ಸೈಡ್ ಮುರಿಯೋದ್ರಲ್ಲಿ ಅಷ್ಟು ಕಸುವಿಲ್ಲ. ರೋಡಿಯಂಗೆ ಆ ಹದ ಸಿಕ್ಕಿದೆ.

ಹಾಗಾದ್ರೆ ಎಡಗಡೆ ಪಕ್ಕದ್ಮನೆ ರುಥೇನಿಯಂ? ಅದು ರೋಡಿಯಂಗಿಂತ ತುಂಬಾ ಅಗ್ಗ, ನಾಕ್ಸ್ ಒಡೆಯೋದ್ರಲ್ಲಿ ಅದೂ ಜಾಣ, 1970ರ ದಶಕದ ಶುರುವಿನಲ್ಲಿ ಅದನ್ನೇ ಹಾಕಿ ನೋಡಿದ್ರು ಕೂಡ. ಆದ್ರೆ ಬಿಸಿ ಹೊಗೆಯಲ್ಲಿ ಸ್ವಲ್ಪ ಆಮ್ಲಜನಕ ಜಾಸ್ತಿ ಸಿಕ್ಕಿದ್ರೆ ರುಥೇನಿಯಂ ಆವಿಯಾಗೋ ಆಕ್ಸೈಡ್ ಆಗಿ ಬದಲಾಗಿ ಸೈಲೆನ್ಸರಿಂದಾನೇ ಹೊರಗೆ ಹೋಗ್ಬಿಡ್ತದೆ, ಜೊತೆಗೆ ಆ ಆವಿ ವಿಷಕಾರಿ. ಕೆಳಗಡೆ ಮನೆಯ ಇರಿಡಿಯಂಗೂ ಹೆಚ್ಚುಕಮ್ಮಿ ಇದೇ ತೊಂದರೆ. ಐವತ್ತು ವರ್ಷದಿಂದ ಕಾರ್ ಕಂಪನಿಗಳು ಈ ದುಬಾರಿ ಲೋಹ ಬಿಡೋಕೆ ಎಷ್ಟು ಒದ್ದಾಡಿದ್ರೂ ಪೆಟ್ರೋಲ್ ಗಾಡಿಯಲ್ಲಿ ಪೂರ್ತಿ ಬಿಡೋಕೆ ಆಗಿಲ್ಲ, ಕಾರಣ ಇದು.

ಡಬ್ಬಿಯೊಳಗೆ ಲೋಹದ ತುಂಡು ಅಂತ ಏನೂ ಕಾಣಲ್ಲ. ಕಾರ್ಡಿಯರೈಟ್ ಅನ್ನೋ ಸೆರಾಮಿಕ್ ಇಟ್ಟಿಗೆ, ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400, 600 ಸಣ್ಣ ಕೊಳವೆ, ಆ ಗೋಡೆಗಳ ಮೇಲೆ ಅಲ್ಯೂಮಿನಾ, ಸೀರಿಯಾ, ಜಿರ್ಕೋನಿಯಾ ಅನ್ನೋ ಲೋಹದ ಆಕ್ಸೈಡುಗಳನ್ನ ಸೇರಿಸಿದ ಒರಟು ಲೇಪ, ಅದರ ಮೇಲೆ ನ್ಯಾನೋಮೀಟರ್ ಗಾತ್ರದ ಲೋಹದ ಕಣಗಳು. ರೋಡಿಯಂನ ಇಡೋದು ಹೆಚ್ಚಾಗಿ ಜಿರ್ಕೋನಿಯಾ ಜೊತೆ, ಅಲ್ಯೂಮಿನಾ ಮೇಲಿಟ್ರೆ ಜೋರು ಬಿಸಿಯಲ್ಲಿ ಅದರೊಳಗೇ ಇಂಗಿ ಹೋಗಿ ಕೆಲಸಕ್ಕೆ ಬಾರದ ಹಾಗಾಗ್ತದೆ. ಗಾಳಿ-ಪೆಟ್ರೋಲ್ ಅನುಪಾತ ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಅನ್ನೋ ಹತ್ತಿರದಲ್ಲೇ ಇರ್ಬೇಕು, ಆಗ ಮೂರೂ ವಿಷ ಒಟ್ಟಿಗೆ ಕಮ್ಮಿ ಆಗ್ತವೆ. ಅದಕ್ಕೇ ಆಕ್ಸಿಜನ್ ಸೆನ್ಸರ್ ಅಲ್ಲಿ ಕೂತು ಇಂಜಿನ್ ಕಂಪ್ಯೂಟರಿಗೆ ಹೇಳ್ತಾನೇ ಇರ್ತದೆ. ಡಬ್ಬಿ 250, 300 ಡಿಗ್ರಿಗೆ ಬಿಸಿ ಆಗೋವರೆಗೂ ಏನೂ ಕೆಲಸ ಇಲ್ಲ, ಅದಕ್ಕೇ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದ ಹೊಗೆ ಅತಿ ಕೆಟ್ಟದ್ದು.

ನಮ್ಮಲ್ಲಿ ಇದು ಬಂದ ಬಗೆ ಹೀಗೆ. 1995ರ ಏಪ್ರಿಲ್ 1ರಿಂದ ಮುಂಬೈ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯ ಮಾಡಿದ್ರು, ಅದರ ಜೊತೆಗೇ ಸೀಸ ಇಲ್ಲದ ಪೆಟ್ರೋಲ್ ಬಂತು, ಯಾಕಂದ್ರೆ ಸೀಸ ಆ ಲೋಹದ ಮೇಲೆ ಪದರ ಕಟ್ಟಿ ಅದನ್ನ ಸಾಯಿಸ್ತದೆ. 2000ದ ಫೆಬ್ರವರಿಯಲ್ಲಿ ದೇಶದಲ್ಲೆಲ್ಲಾ ಸೀಸದ ಪೆಟ್ರೋಲ್ ನಿಂತು ಹೋಯ್ತು. 2020ರ ಏಪ್ರಿಲ್ 1ಕ್ಕೆ ಗಾಡಿ ಹೊಗೆಗೆ ಮಿತಿ ಹಾಕೋ ಭಾರತ್ ಸ್ಟೇಜ್ ನಿಯಮದಲ್ಲಿ ಬಿಎಸ್4ರಿಂದ ಬಿಎಸ್6ಕ್ಕೆ, ಬಿಎಸ್5 ಅನ್ನೋ ಮೆಟ್ಟಿಲನ್ನೇ ಬಿಟ್ಟು ನೇರ ಹಾರಿದ್ವಿ. ಪೆಟ್ರೋಲ್ ಕಾರಿನ ನಾಕ್ಸ್ ಮಿತಿ ಒಂದು ಕಿಲೋಮೀಟರಿಗೆ 80 ಮಿಲಿಗ್ರಾಂನಿಂದ 60ಕ್ಕೆ ಇಳೀತು, ಇಂಧನದ ಗಂಧಕ 50 ಪಿಪಿಎಂನಿಂದ 10ಕ್ಕೆ. ಪುಣೆಯಂಥ ಟೂವೀಲರ್ ಊರಿಗೆ ಇದಕ್ಕಿಂತ ದೊಡ್ಡದು ಅಂದ್ರೆ ಸ್ಕೂಟರ್, ಬೈಕಿಗೂ ಮಿತಿ ಬಿಗಿ ಆಗಿದ್ದು. 2023ರ ಏಪ್ರಿಲ್ನಿಂದ ಎರಡನೇ ಹಂತ, ಲ್ಯಾಬಲ್ಲಿ ಪಾಸಾದ್ರೆ ಸಾಲದು, ಕಾರನ್ನ ರಸ್ತೆಯಲ್ಲಿ ಓಡಿಸಿ ನಾಕ್ಸ್ ಅಳೀಬೇಕು.

ಹೊಸ ಮಾಡೆಲ್ ಅಳೆಯೋ ಕೆಲಸ ನಮ್ಮ ಪುಣೆ ಕೋಥರೂಡಿನ ಗುಡ್ಡದ ಮೇಲಿರೋ ಎಆರ್‌ಎಐ ಥರದ ಸಂಸ್ಥೆಗಳದು. 1966ರಲ್ಲಿ ಶುರುವಾದದ್ದು, ವೇತಾಳ ಟೇಕಡಿಗೆ ವಾಕಿಂಗ್ ಹೋಗೋರೆಲ್ಲ ಅದರ ಬೋರ್ಡ್ ನೋಡಿರ್ತಾರೆ. ಅಂಥ ಕಡೆ ನಾಕ್ಸನ್ನ ಮಿಲಿಗ್ರಾಂ ಲೆಕ್ಕದಲ್ಲಿ ಅಳೀತಾರೆ.

ಅಲ್ಲಿಂದ ಇಳಿದು ಪೆಟ್ರೋಲ್ ಪಂಪ್ ಪಕ್ಕದ ಪಿಯುಸಿ ವ್ಯಾನಿಗೆ ಬನ್ನಿ. ಪೆಟ್ರೋಲ್ ಗಾಡಿ ನಿಂತಲ್ಲೇ ಇಂಜಿನ್ ಓಡಿಸಿ ಅಳೆಯೋದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್, ಬಿಎಸ್4 ಮತ್ತು ಆಮೇಲಿನ ಗಾಡಿಗೆ ಲ್ಯಾಂಬ್ಡಾ ಅನ್ನೋ ಗಾಳಿ-ಇಂಧನದ ಅಳತೆ. ಡೀಸೆಲ್ಲಿಗೆ ಹೊಗೆಯ ಕಪ್ಪು ಎಷ್ಟು ಅಂತ. ನಾಕ್ಸ್ ಅಳತೆ ಎರಡರಲ್ಲೂ ಇಲ್ಲ. ಅಂದ್ರೆ ರೋಡಿಯಂ ಯಾವ ಕೆಲಸಕ್ಕೆ ಅಂತ ಅಲ್ಲಿ ಕೂತಿದೆಯೋ ಆ ಕೆಲಸ ಆಗ್ತಿದೆಯಾ ಇಲ್ವಾ ಅಂತ ಗಾಡಿ ಶೋರೂಮ್ ಬಿಟ್ಟ ಮೇಲೆ ಪಿಯುಸಿಯಲ್ಲಿ ಯಾರೂ ಕೇಳಲ್ಲ. ನನಗೆ ಇದು ಸಣ್ಣ ವಿಷಯ ಅನ್ಸಲ್ಲ. ನಾಕ್ಸ್ ಕಣ್ಣಿಗೆ ಕಾಣಲ್ಲ, ಆದ್ರೆ ಅದೇ ಬಿಸಿಲಲ್ಲಿ ನೆಲಮಟ್ಟದ ಓಝೋನ್ ಹುಟ್ಟಿಸ್ತದೆ, ಅಮೋನಿಯಾ ಜೊತೆ ಸೇರಿ ನೈಟ್ರೇಟ್ ಸೂಕ್ಷ್ಮ ಕಣ ಆಗ್ತದೆ, ಆಸ್ತಮಾ ಇರೋ ಮಕ್ಕಳಿಗೆ ಸೀದಾ ತಟ್ಟೋದೂ ಅದರಲ್ಲಿನ ನೈಟ್ರೋಜನ್ ಡೈಆಕ್ಸೈಡೇ.

ಬಿಎಸ್6 ಕಾರಲ್ಲಿ ಕನ್ವರ್ಟರ್ ಮೇಲೆ ಕಣ್ಣಿಡೋ ಕಂಪ್ಯೂಟರ್ ಇದೆಯಲ್ಲ ಅಂತ ಕೇಳಬಹುದು. ಇದೆ, ಹಿಂದಿನ ಆಕ್ಸಿಜನ್ ಸೆನ್ಸರ್ ಮೂಲಕ ಕನ್ವರ್ಟರ್ ಸತ್ತಿದೆಯಾ ಅಂತ ಪರೋಕ್ಷವಾಗಿ ತಿಳ್ಕೊಂಡು ಚೆಕ್ ಇಂಜಿನ್ ಲೈಟ್ ಹಚ್ಚತ್ತೆ. ಒಳ್ಳೇ ವ್ಯವಸ್ಥೆ. ಆದ್ರೆ ಭೋಸರಿ, ಪಿಂಪ್ರಿ ಕಡೆ ಗ್ಯಾರೇಜುಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ, ಜಮಖಂಡಿ ಕಡೆ ಹುಡುಗರು ತುಂಬಾ ಜನ ಇದ್ದಾರೆ, ಅವರ ಹತ್ರ ಕೂತು ಮಾತಾಡಿದ್ರೆ ಗೊತ್ತಾಗ್ತದೆ ಗಿರಾಕಿಗಳು ಏನು ಕೇಳ್ತಾರೆ ಅಂತ. "ಅಣ್ಣ, ಕ್ಯಾಟ್ ಖಾಲಿ ಮಾಡ್ಸಿದ್ರ ಪಿಕಪ್ ಬರ್ತೈತಿ ಅಂತಾರಲ್ಲ, ಮಾಡಿ ಕೊಡ್ತೀಯೇನು" ಅಂತ. ಡಬ್ಬಿ ಕೊಯ್ದು ಜೇನುಗೂಡು ತೆಗೆದು ಖಾಲಿ ಡಬ್ಬಿ ಮತ್ತೆ ವೆಲ್ಡ್ ಮಾಡೋದು, ಸೆನ್ಸರಿಗೆ ಮಧ್ಯೆ ಒಂದು ತುಂಡು ಕೊಳವೆ ಇಟ್ಟು ಲೈಟ್ ಹತ್ತದ ಹಾಗೆ ಮಾಡೋದು. ಚೆನ್ನಾಗಿರೋ ಕನ್ವರ್ಟರ್ ತೆಗೆದ್ರೆ ಬರೋ ಪಿಕಪ್ ಅಂತ ಹೇಳೋ ಅಷ್ಟು ಏನೂ ಇರಲ್ಲ, ಸದ್ದು ಜಾಸ್ತಿ ಆಗಿದ್ದನ್ನೇ ಶಕ್ತಿ ಅಂತ ತಿಳ್ಕೋತಾರೆ. ದಯವಿಟ್ಟು ಮಾಡಿಸ್ಬೇಡಿ. ಕಾನೂನಿಗೂ ವಿರುದ್ಧ, ಹಿಂದೆ ಬರೋ ಸ್ಕೂಟರಲ್ಲಿ ಕೂತಿರೋ ಮಗುವಿನ ಮೂಗಿಗೆ ನೇರ ಹೋಗ್ತದೆ ಆ ಹೊಗೆ. ತೆಗೆದ ಜೇನುಗೂಡು ಎಲ್ಲಿಗೆ ಹೋಯ್ತು ಅಂತಾನೂ ಕೇಳಿ, ಆ ಮಿಟ್ಟಿಗೆ ಬೆಲೆ ಇದೆ.

ಎಷ್ಟು ಬೆಲೆ ಅಂದ್ರೆ, ಈ ಲೋಹದ ರೇಟಿನ ಕತೆ ಬೇರೆ ಯಾವುದಕ್ಕೂ ಇಲ್ಲ. 2016ರ ಹೊತ್ತಿಗೆ ಒಂದು ಟ್ರಾಯ್ ಔನ್ಸ್, ಅಂದ್ರೆ 31.1 ಗ್ರಾಂಗೆ 700 ಡಾಲರ್ ಕೂಡ ಇರ್ಲಿಲ್ಲ. 2021ರ ವಸಂತದಲ್ಲಿ ಸುಮಾರು 29,000 ಡಾಲರ್ ಮುಟ್ತು. ಆವಾಗಿನ ರೂಪಾಯಿ ಲೆಕ್ಕದಲ್ಲಿ ಒಂದು ಗ್ರಾಂಗೆ ಹೆಚ್ಚುಕಮ್ಮಿ 68,000, ಅದೇ ಸಮಯದಲ್ಲಿ ಚಿನ್ನ ಗ್ರಾಂಗೆ ಐದು ಸಾವಿರದ ಒಳಗಿತ್ತು. ಮತ್ತೆ 2023ರಲ್ಲಿ 4,000 ಡಾಲರ್ ಆಸುಪಾಸಿಗೆ ಬಿತ್ತು. ಇಕೋ ಸೈಲೆನ್ಸರ್ ಕಳ್ಳತನ 2021ರಲ್ಲೇ ಯಾಕೆ ಜೋರಾಯ್ತು ಅನ್ನೋದಕ್ಕೆ ಈ ಗ್ರಾಫ್ ನೋಡಿದ್ರೆ ಸಾಕು.

ಇಂಥ ಏರಿಳಿತಕ್ಕೆ ಕಾರಣ ಎರಡು, ಒಂದು ಅಪರೂಪ, ಇನ್ನೊಂದು ಅದು ಹುಟ್ಟೋ ರೀತಿ. ಜಗತ್ತಲ್ಲಿ ವರ್ಷಕ್ಕೆ ಗಣಿಯಿಂದ ಬರೋ ಚಿನ್ನ 3,000 ಟನ್ ಮೇಲೆ, ರೋಡಿಯಂ ಇಪ್ಪತ್ತು ಚಿಲ್ಲರೆ ಟನ್. ಇಡೀ ಭೂಮಿಯ ಒಂದು ವರ್ಷದ ರೋಡಿಯಂ ಕರಗಿಸಿ ಸುರಿದ್ರೆ ಮನೆ ಮಾಳಿಗೆ ಮೇಲಿನ ಸಾವಿರ ಲೀಟರಿನ ಎರಡು ನೀರಿನ ಟ್ಯಾಂಕ್ ತುಂಬೋದೇ ಕಷ್ಟ. ಅದರಲ್ಲಿ 80 ಪರ್ಸೆಂಟ್ ಆಸುಪಾಸು ದಕ್ಷಿಣ ಆಫ್ರಿಕಾದ ಬುಷ್ವೆಲ್ಡ್ ಶಿಲಾಸಮೂಹದ್ದು, ಉಳಿದದ್ದು ಹೆಚ್ಚಾಗಿ ರಷ್ಯಾ, ಜಿಂಬಾಬ್ವೆ. ರೋಡಿಯಂಗೆ ಅಂತಾನೇ ಯಾರೂ ಗಣಿ ತೋಡಲ್ಲ, ಪ್ಲಾಟಿನಂ, ನಿಕ್ಕಲ್ ತೆಗೆಯುವಾಗ ಜೊತೆಗೆ ಬರೋ ಉಪ ಉತ್ಪನ್ನ. ಹೀಗಾಗಿ ರೋಡಿಯಂ ರೇಟ್ ಹತ್ತು ಪಟ್ಟಾದ್ರೂ ಉತ್ಪಾದನೆ ಹತ್ತು ಪರ್ಸೆಂಟ್ ಕೂಡ ಹೆಚ್ಚಲ್ಲ. 2020ರ ಶುರುವಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಒಂದು ದೊಡ್ಡ ಸಂಸ್ಕರಣಾ ಘಟಕದಲ್ಲಿ ಸ್ಫೋಟ ಆಗಿ ನಿಂತು ಹೋಯ್ತು, ಅದರ ಬೆನ್ನಿಗೇ ಕೋವಿಡ್ ಲಾಕ್‌ಡೌನಿಗೆ ಗಣಿಗಳು ಮುಚ್ಚಿದ್ವು, ಇತ್ತ ಚೀನಾ ಮತ್ತು ಭಾರತದ ಹೊಸ ಹೊಗೆ ನಿಯಮ ಒಂದೇ ಸಮಯಕ್ಕೆ ಬಂದು ಪ್ರತಿ ಗಾಡಿಗೆ ಬೇಕಾದ ರೋಡಿಯಂ ಜಾಸ್ತಿ ಆಯ್ತು. ಇದಕ್ಕೆ ಚಿನ್ನದ ಥರ ದೊಡ್ಡ ಎಕ್ಸ್‌ಚೇಂಜ್ ವ್ಯವಹಾರವೂ ಇಲ್ಲ, ಬೆರಳೆಣಿಕೆ ರಿಫೈನರಿಗಳು ಕೋಟ್ ಮಾಡಿದ್ದೇ ರೇಟು. ಆಮೇಲೆ ಬಿದ್ದಿದ್ದಕ್ಕೆ ಒಂದು ಕಾರಣ ಚೀನಾದ ಗ್ಲಾಸ್ ಫೈಬರ್ ಕಂಪನಿಗಳು, ಕರಗಿದ ಗಾಜು ಎಳೆಯೋ ಪ್ಲಾಟಿನಂ-ರೋಡಿಯಂ ಅಚ್ಚಿನಲ್ಲಿ ರೋಡಿಯಂ ಪಾಲು ಕಮ್ಮಿ ಮಾಡಿ ಉಳಿದದ್ದನ್ನ ಮಾರುಕಟ್ಟೆಗೆ ಬಿಟ್ವು.

ಗಾಡಿಯ ಹೊರಗೂ ಇದು ನಮ್ಮ ಸುತ್ತ ಇದೆ, ಬೇಗ ಹೇಳಿ ಮುಗಿಸ್ತೀನಿ. ಜವೇರಿ ಬಜಾರ್, ಪುಣೆ ಲಕ್ಷ್ಮೀ ರೋಡಿನ ಅಂಗಡಿಗಳಲ್ಲಿ ರೋಡಿಯಂ ಪಾಲಿಶ್ ಅಂತ ಕೇಳಿರ್ತೀರಿ. ವೈಟ್ ಗೋಲ್ಡ್ ಅಂತ ಕೊಡೋ ಉಂಗುರದ ಒಳಗಿನ ಮಿಶ್ರಲೋಹ ಸ್ವಲ್ಪ ಹಳದಿ ಛಾಯೆಯದ್ದೇ, ಮೇಲಿನ ಆ ಕನ್ನಡಿ ಬಿಳುಪು ರೋಡಿಯಂ ಸಲ್ಫೇಟ್ ದ್ರಾವಣದಲ್ಲಿ ಕರೆಂಟ್ ಹಾಯಿಸಿ ಕೂರಿಸಿದ ಪದರ, ಸಾಮಾನ್ಯವಾಗಿ ಒಂದು ಮೈಕ್ರಾನ್ ದಪ್ಪವೂ ಇರಲ್ಲ. ದಿನಾ ಹಾಕಿದ್ರೆ ಸವೆದು ಹಳದಿ ಇಣುಕ್ತದೆ, ಆವಾಗ ಅಂಗಡಿಯವರು ಮೋಸ ಮಾಡಿದ್ರು ಅಂದ್ಕೋಬೇಡಿ, ಅದರ ಸ್ವಭಾವವೇ ಹಾಗೆ, ಮತ್ತೆ ಪಾಲಿಶ್ ಹಾಕಿಸ್ಬೇಕು. ಟ್ರಾಂಬೆಯ ಗೊಬ್ಬರ ಕಾರ್ಖಾನೆ ಆರ್‌ಸಿಎಫ್, ತಳೋಜಾದ ದೀಪಕ್ ಫರ್ಟಿಲೈಸರ್ಸ್ ಥರದ ಕಡೆ ನೈಟ್ರಿಕ್ ಆಸಿಡ್ ತಯಾರಾಗ್ತದೆ, ಈ ಉದ್ಯಮದಲ್ಲಿ ಅಮೋನಿಯಾವನ್ನ ಸುಮಾರು 850, 900 ಡಿಗ್ರಿಯಲ್ಲಿ ಪ್ಲಾಟಿನಂ-ರೋಡಿಯಂ ಜಾಲರಿ ಮೂಲಕ ಹಾಯಿಸೋದು ರೂಢಿ. ಬೆಳಗಾವಿ ಉದ್ಯಮಬಾಗ್, ಕೊಲ್ಲಾಪುರದ ಫೌಂಡ್ರಿ ಕೆಲಸದವರಿಗೆ ಜೋರು ಬಿಸಿ ಅಳೆಯೋ ಥರ್ಮೋಕಪಲ್ ಗೊತ್ತಿರ್ತದೆ, ಎಸ್ ಟೈಪ್ ಅಂದ್ರೆ ಒಂದು ತಂತಿ ಶುದ್ಧ ಪ್ಲಾಟಿನಂ, ಇನ್ನೊಂದು 10 ಪರ್ಸೆಂಟ್ ರೋಡಿಯಂ ಬೆರೆಸಿದ್ದು. ಅಸಿಟಿಕ್ ಆಸಿಡ್ ತಯಾರಿಯಲ್ಲೂ, ಪಾರ್ಕಿನ್ಸನ್ಸ್ ಔಷಧಿ ಎಲ್-ಡೋಪಾ ತಯಾರಿಯಲ್ಲೂ ರೋಡಿಯಂ ಸಂಯುಕ್ತಗಳು ವೇಗವರ್ಧಕ, ಎರಡನೇದಕ್ಕೆ ವಿಲಿಯಂ ನೋಲ್ಸ್ 2001ರ ರಸಾಯನಶಾಸ್ತ್ರ ನೊಬೆಲ್ ಹಂಚ್ಕೊಂಡ್ರು. ಆದ್ರೆ ಎಲ್ಲಾ ಸೇರಿಸಿದ್ರೂ 80 ಪರ್ಸೆಂಟಿಗಿಂತ ಜಾಸ್ತಿ ಬಳಕೆ ಗಾಡಿ ಕನ್ವರ್ಟರಲ್ಲೇ.

ಭಾರತಕ್ಕೆ ಇದು ಬರೋದು ಬಹುತೇಕ ಹೊರಗಿಂದ. ನಮ್ಮ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳ ಕುರುಹು ಸಿಕ್ಕಿದೆ, ಒಡಿಶಾದ ಬೌಲಾ-ನುವಾಸಾಹಿಯಲ್ಲೂ ಇದೆ, ಗಣಿಗಾರಿಕೆ ಅಂತ ಆಗೋ ಮಟ್ಟಕ್ಕೆ ಬಂದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಪ್ಲಾಟಿನಂ ಗುಂಪೂ ಇದೆ.

ನನ್ನ ಪ್ರಕಾರ ನಮ್ಮ ಗಣಿ ಇರೋದು ಚನ್ನಗಿರಿಯಲ್ಲಲ್ಲ, ಕುರ್ಲಾದಂಥ ಕಡೆಯ ಗುಜರಿ ಗೋಡೌನುಗಳಲ್ಲಿ. ಲೆಕ್ಕ ಹಾಕಿ ನೋಡಿ. ಬುಷ್ವೆಲ್ಡಿನ ಒಳ್ಳೇ ಅದಿರಲ್ಲೂ ಒಂದು ಟನ್ ಕಲ್ಲಿಗೆ ಈ ಗುಂಪಿನ ಲೋಹ ಎಲ್ಲಾ ಸೇರಿ ನಾಲ್ಕರಿಂದ ಆರು ಗ್ರಾಂ, ಅದರಲ್ಲಿ ರೋಡಿಯಂ ಒಂದು ಗ್ರಾಂಗಿಂತ ಕಮ್ಮಿ. ಹಳೇ ಕನ್ವರ್ಟರಿನ ಜೇನುಗೂಡು ಒಂದು ಟನ್ ಕೂಡಿಸಿದ್ರೆ ಸಾಧಾರಣವಾಗಿ ಒಂದೆರಡು ಕಿಲೋ ಸಿಗ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಮಾರಾಟ ಆಗೋ ಪ್ರಯಾಣಿಕ ಗಾಡಿ 40 ಲಕ್ಷದ ಮೇಲೆ, ಬರೀ ಅಂದಾಜಿಗೆ ಒಂದು ಗಾಡಿಗೆ ಕಾಲು ಗ್ರಾಂ ರೋಡಿಯಂ ಅಂತ ಹಿಡಿದ್ರೂ ವರ್ಷಕ್ಕೆ ಒಂದು ಟನ್ ರಸ್ತೆಗೆ ಇಳೀತಿದೆ, ಟೂವೀಲರ್ ಬಿಟ್ಟು. ಜಗತ್ತಿನ ಗಣಿಗಳ ಒಟ್ಟು ಇಪ್ಪತ್ತು ಚಿಲ್ಲರೆ ಟನ್ನಿನ ಎದುರು ಇದು ಸಣ್ಣದಲ್ಲ.

ಅದನ್ನ ವಾಪಸ್ ತೆಗೆಯೋದ್ರಲ್ಲಿ ಬರ್ತದೆ ಆ ಆಸಿಡ್ ವಿಷಯ. ಹಿತ್ತಲ ಶೆಡ್ಡಲ್ಲಿ ಮಿಟ್ಟಿಗೆ ರಾಜಾಮ್ಲ ಸುರಿದ್ರೆ ಪ್ಲಾಟಿನಂ, ಪಲ್ಲಾಡಿಯಂ ಬಹುಪಾಲು ಇಳೀತವೆ. ಕನ್ವರ್ಟರಲ್ಲಿ ವರ್ಷಗಟ್ಟಲೆ ಬಿಸಿ ತಿಂದ ರೋಡಿಯಂನಲ್ಲಿ ಒಂದು ದೊಡ್ಡ ಪಾಲು ಆಕ್ಸೈಡ್ ಆಗಿ, ಲೇಪದೊಳಗೆ ಇಂಗಿ ಕೂತಿರ್ತದೆ, ಅದು ಸುಲಭಕ್ಕೆ ಇಳಿಯಲ್ಲ. ಉಳಿದ ಕೆಸರನ್ನ ಚೆಲ್ತಾರೆ. ಹೀಗೆ ಮೂರರಲ್ಲಿ ಅತಿ ಅಪರೂಪದ್ದೇ ನಾಲೆಗೆ, ಖಾಲಿ ಸೈಟಿಗೆ ಹೋಗ್ತದೆ, ಜೊತೆಗೆ ಆಸಿಡ್ಡೂ. ಪುಡಿ ಮಾಡೋ ಹುಡುಗರು ಆ ಸೆರಾಮಿಕ್ ಧೂಳು, ಸುತ್ತಿದ ಮ್ಯಾಟಿನ ನಾರು ಎರಡನ್ನೂ ಮೂಗಿಗೆ ಬರೀ ಕರ್ಚೀಫ್ ಕಟ್ಕೊಂಡು ಉಸಿರಾಡ್ತಾರೆ. ಸರಿಯಾದ ದಾರಿ ಬೇರೆ ಇದೆ, ಜೇನುಗೂಡನ್ನ ಮುಚ್ಚಿದ ವ್ಯವಸ್ಥೆಯಲ್ಲಿ ಪುಡಿ ಮಾಡಿ, ತಾಮ್ರ ಅಥವಾ ಕಬ್ಬಿಣದ ಜೊತೆ ಜೋರು ಕುಲುಮೆಯಲ್ಲಿ ಕರಗಿಸಿ, ಅಮೂಲ್ಯ ಲೋಹವೆಲ್ಲ ಆ ತಾಮ್ರಕ್ಕೆ ಸೇರ್ಕೊಂಡ ಮೇಲೆ ಹಂತ ಹಂತವಾಗಿ ಬೇರೆ ಮಾಡೋದು. ಅಲ್ಲೂ ಸಾಮಾನ್ಯವಾಗಿ ಕೊನೆಗೆ ಕೈಗೆ ಬರೋದು ರೋಡಿಯಂ, ವಾರಗಟ್ಟಲೆ ಹಿಡಿಯತ್ತೆ. ಈ ಲೋಹಗಳನ್ನ ಶುದ್ಧೀಕರಿಸೋ ಕಸುಬು ಮುಂಬೈ ಪ್ರದೇಶಕ್ಕೆ ಹೊಸದಲ್ಲ, ನವಿ ಮುಂಬೈನ ಪವಣೆಯಲ್ಲಿರೋ ಹಿಂದುಸ್ತಾನ್ ಪ್ಲಾಟಿನಂ 1961ರಲ್ಲಿ ಶುರುವಾದ ಕಂಪನಿ. ಇಲ್ಲಿ ಕೊರತೆ ಇರೋದು ರಸಾಯನಶಾಸ್ತ್ರದ್ದಲ್ಲ, ಮಾಲು ಆ ಬಾಗಿಲಿಗೆ ತಲುಪೋ ದಾರಿಯದ್ದು.

ದಾರಿ ಮಾಡೋ ಕಾನೂನುಗಳು ಬಂದಿವೆ. 2021ರಲ್ಲಿ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳ ನಿಯಮ, 2025ರ ಏಪ್ರಿಲ್ 1ರಿಂದ ಆಯುಷ್ಯ ಮುಗಿದ ವಾಹನಗಳ ಪರಿಸರ ನಿಯಮ. ಆದ್ರೆ ಈ ಎರಡನೇ ನಿಯಮದಲ್ಲಿ ಗಾಡಿ ಕಂಪನಿಗಳಿಗೆ ಕೊಟ್ಟ ಟಾರ್ಗೆಟ್ ಉಕ್ಕಿನ ತೂಕದ ಮೇಲೆ. ಸ್ಕ್ರ್ಯಾಪಿಂಗ್ ಕೇಂದ್ರ ಎಷ್ಟು ಉಕ್ಕು ತೆಗೀತು ಅನ್ನೋದಕ್ಕೆ ಸರ್ಟಿಫಿಕೇಟ್ ಸಿಗ್ತದೆ, ಕಂಪನಿ ಅದನ್ನ ಕೊಂಡು ತನ್ನ ಬಾಧ್ಯತೆ ತೀರಿಸ್ಕೊಳ್ತದೆ. ತೂಕದಲ್ಲಿ ಉಕ್ಕೇ ದೊಡ್ಡದು, ಅಲ್ಲಿಂದ ಶುರು ಮಾಡಿದ್ದು ಅರ್ಥ ಆಗ್ತದೆ, ಆದ್ರೆ ತೂಕದ ತಕ್ಕಡಿಯಲ್ಲಿ ಕಾಲು ಗ್ರಾಂ ಯಾವತ್ತೂ ಕಾಣಲ್ಲ. ಇನ್ನೊಂದು ಕಡೆ 2025ರ ಸೆಪ್ಟೆಂಬರಲ್ಲಿ ಕೇಂದ್ರ ಸಂಪುಟ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿ ಪ್ರೋತ್ಸಾಹ ಯೋಜನೆ ಒಪ್ಪಿತು, ಅದರಲ್ಲಿ ಇ-ತ್ಯಾಜ್ಯ, ಲಿಥಿಯಂ ಬ್ಯಾಟರಿ ಜೊತೆ ಹಳೇ ಗಾಡಿಗಳ ಕ್ಯಾಟಲಿಟಿಕ್ ಕನ್ವರ್ಟರ್ ಹೆಸರೂ ಇದೆ. ನನಗೆ ನಿಜವಾಗ್ಲೂ ಖುಷಿ ಆಯ್ತು ಅದನ್ನ ಓದಿ. ಒಂದು ಇಲಾಖೆ ಕನ್ವರ್ಟರ್ ಮರುಬಳಕೆಗೆ ದುಡ್ಡು ಕೊಡ್ತಿದೆ, ಇನ್ನೊಂದರ ಲೆಕ್ಕಪುಸ್ತಕದಲ್ಲಿ ಕನ್ವರ್ಟರ್ ತೂಕಕ್ಕೆ ಕಾಲಂ ಇಲ್ಲ, ಇವೆರಡನ್ನ ಹೊಂದಿಸಿದ್ರೆ ಅರ್ಧ ಕೆಲಸ ಆಯ್ತು.

ಎಲೆಕ್ಟ್ರಿಕ್ ಗಾಡಿ ಬಂದ್ರೆ ರೋಡಿಯಂ ಬೇಕಾಗಲ್ಲವಲ್ಲ ಅನ್ನೋ ಪ್ರಶ್ನೆ ಬರ್ತದೆ. ಪೂರ್ತಿ ಎಲೆಕ್ಟ್ರಿಕ್ಕಿಗೆ ಬೇಡ, ಸರಿ. ಹೈಬ್ರಿಡ್ಡಿಗೆ ಬೇಕು, ಮುಂಬೈನ ಸಿಎನ್‌ಜಿ ಆಟೋ, ಟ್ಯಾಕ್ಸಿಗೂ ಕನ್ವರ್ಟರ್ ಬೇಕು. ಮುಂದೆ ಬೇಡಿಕೆ ಇಳಿದ್ರೂ ಈಗಾಗ್ಲೇ ರಸ್ತೆ ಮೇಲಿರೋ ರೋಡಿಯಂ ಎಲ್ಲೂ ಓಡಿ ಹೋಗಲ್ಲ.

ಹಳೇ ಗಾಡಿ ಕೊಡೋರು ಒಂದು ಕೆಲಸ ಮಾಡಬಹುದು. ನೋಂದಾಯಿತ ಕೇಂದ್ರಕ್ಕೇ ಕೊಡಿ, ಕೊಡುವಾಗ ಕನ್ವರ್ಟರ್ ಗಾಡಿಯಲ್ಲೇ ಇದೆ ಅಂತ ಕಾಗದದಲ್ಲಿ ಬರೆಸ್ಕೊಳ್ಳಿ, ರೇಟ್ ಮಾತಾಡುವಾಗ ಅದನ್ನ ಬೇರೆ ಐಟಂ ಆಗಿ ಕೇಳಿ. ಕನ್ವರ್ಟರ್ ಬದಲಾಯಿಸಿದಾಗ ಹಳೇದನ್ನ ಗ್ಯಾರೇಜಲ್ಲಿ ಬಿಟ್ಟು ಬರ್ಬೇಡಿ, ಬಿಲ್ಲಲ್ಲಿ ವಾಪಸ್ ಕೊಟ್ಟಿದ್ದು ಅಂತ ಬರೀಲಿ. ಸರ್ಕಾರದ ಕಡೆಯಿಂದ ಆಗ್ಬೇಕಾದ್ದು ಎರಡು, ಸ್ಕ್ರ್ಯಾಪ್ ಸರ್ಟಿಫಿಕೇಟಲ್ಲಿ ಕನ್ವರ್ಟರ್ ಸೀರಿಯಲ್ ನಂಬರಿಗೆ ಒಂದು ಸಾಲು, ಪಿಯುಸಿ ಮಷಿನಲ್ಲಿ ನಾಕ್ಸಿಗೆ ಒಂದು ಸೆನ್ಸರ್. 2020ರ ಏಪ್ರಿಲ್ ನಂತರ ರಸ್ತೆಗೆ ಇಳಿದ ಬಿಎಸ್6 ಕಾರುಗಳಿಗೆ, ಬೈಕುಗಳಿಗೆ ಹದಿನೈದು ವರ್ಷ ತುಂಬೋಕೆ ಶುರುವಾಗೋದು 2035ರಲ್ಲಿ, ಆಗ ಗುಜರಿಗೆ ಬರೋ ರೋಡಿಯಂ ಇವತ್ತಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರ್ತದೆ, ಈ ಎರಡನ್ನೂ ಸೇರಿಸೋಕೆ ಅಲ್ಲಿವರೆಗೆ ಟೈಮ್ ಇದೆ.